ದೊರೆಸಾನಿ ಊಟ ಬಿಟ್ಟ ತಿಂಗಳು

ಮೂವತ್ತೊಂದು ವರ್ಷ ಒಂದೇ ಆಸ್ಪತ್ರೆಯಲ್ಲಿ ಊಟದ ಗಾಡಿ ತಳ್ಳಿದ ಆ ಹೆಂಗಸಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಅದು ಈಗ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಹೆಂಗಸರ ವಾರ್ಡಿನ ಇಪ್ಪತ್ತೆಂಟು ಹಾಸಿಗೆಗೂ, ಡಾಕ್ಟರುಗಳಿಗೂ, ನೆಲ ಒರೆಸುವವರಿಗೂ ಅವಳು ತುತ್ತಮ್ಮ. ಬೇಡ ಬೇಡ ಎನ್ನುವವರ ಬಾಯಿಗೂ ನಾಲ್ಕು ತುತ್ತು ಹೋಗುವಂತೆ ಮಾಡುತ್ತಾಳೆಂದು ಯಾರೋ ರೋಗಿ ಇಟ್ಟ ಹೆಸರು. ಇಟ್ಟವರು ಗುಣವಾಗಿ ಮನೆಗೆ ಹೋದರು, ಹೆಸರು ಇಲ್ಲೇ ಉಳಿಯಿತು.

ಊಟ ಮಾಡಿಸುವುದೂ ಒಂದು ವಿದ್ಯೆ ಎಂದರೆ ನಗುವವರಿದ್ದಾರೆ. ನಗಲಿ. ಕಾಯಿಲೆಯವರ ಮುಂದೆ ನಿಂತು ‘ಊಟ ಮಾಡ್ತೀರಾ?’ ಎಂದು ಕೇಳಿದವರಿಗೆ ‘ಬೇಡ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ತುತ್ತಮ್ಮ ಹಾಗೆ ಕೇಳುವವಳೇ ಅಲ್ಲ. ಸ್ಟೂಲು ಎಳೆದುಕೊಂಡು ಅವರ ಕಣ್ಣಿನ ಮಟ್ಟಕ್ಕೆ ಕೂರುತ್ತಾಳೆ. ‘ಗಂಜಿ ಬಿಸಿಯಾಗೇ ಇರ್ಲಾ, ಸ್ವಲ್ಪ ಆರಿಸ್ಲಾ?’ ಎನ್ನುತ್ತಾಳೆ. ಬಿಸಿಯೋ ಆರಿದ್ದೋ ಎಂದು ಯೋಚಿಸುವಷ್ಟರಲ್ಲಿ ರೋಗಿ ಗಂಜಿಗೆ ಒಪ್ಪಿಯಾಗಿರುತ್ತದೆ. ಅದಕ್ಕೂ ಬಗ್ಗದವರಿಗೆ ಪಕ್ಕದ ವಾರ್ಡಿನ ಜಗಳದ ಕಥೆ ಶುರು ಮಾಡಿ, ಸರಿಯಾದ ಜಾಗದಲ್ಲಿ ನಿಲ್ಲಿಸಿ, ಚಮಚ ಎತ್ತಿ ಹಿಡಿಯುತ್ತಾಳೆ. ಕಥೆ ಮುಂದೆ ಹೋಗಬೇಕಾದರೆ ತುತ್ತು ಒಳಗೆ ಹೋಗಬೇಕು.

ಗಾಡಿಯ ಬದಿಗೆ ಒಂದು ಹಲಗೆ ತೂಗುಹಾಕಿರುತ್ತದೆ, ಅದಕ್ಕೆ ಕಾಗದ. ಪ್ರತಿ ಹಾಸಿಗೆಯ ಎದುರು ಪ್ರತಿ ಹೊತ್ತಿನ ಊಟಕ್ಕೆ ಒಂದು ಮಾತು ಬರೆಯಬೇಕು: ಪೂರ್ತಿ, ಮುಕ್ಕಾಲು, ಅರ್ಧ, ಇಲ್ಲ. ಸಿಸ್ಟರುಗಳು ಅದನ್ನು ನೋಡಿಕೊಂಡು ಔಷಧಿ ಕೊಡುತ್ತಾರೆ. ಬೇರೆ ವಾರ್ಡುಗಳ ಕಾಗದದಲ್ಲಿ ‘ಇಲ್ಲ’ಗಳ ಸಾಲೇ ಇರುತ್ತಿತ್ತು. ತುತ್ತಮ್ಮನ ಕಾಗದದಲ್ಲಿ ಹುಡುಕಿದರೆ ತಿಂಗಳಿಗೆ ಒಂದೋ ಎರಡೋ. ಅಡುಗೆಮನೆಯ ಯಜಮಾನ ಅದನ್ನು ಎಲ್ಲರೆದುರು ಎತ್ತಿ ತೋರಿಸುತ್ತಿದ್ದ. ಹೊಗಳಿಕೆ ಯಾರಿಗೆ ಬೇಡ? ತುತ್ತಮ್ಮನಿಗಂತೂ ಅದು ಹಸಿವಿಗಿಂತ ಒಂದು ಕೈ ಮೇಲೆಯೇ ಇತ್ತು.

ಆ ಕಾಗದದ ಮೇಲೆ ಅವಳು ಒಂದೇ ಒಂದು ಸಲ ಸುಳ್ಳು ಬರೆದಿದ್ದಾಳೆ. ಹದಿನೇಳು ವರ್ಷದ ಹಿಂದಿನ ಮಾತು. ಆ ತಿಂಗಳು ಒಂದೂ ‘ಇಲ್ಲ’ ಬರಗೊಡುವುದಿಲ್ಲ ಎಂದು ಯಜಮಾನನೊಂದಿಗೆ ಪಂಥ ಕಟ್ಟಿದ್ದಳು. ಮುಗಿಯಲು ಎರಡು ದಿನ ಇರುವಾಗ ನಿವೃತ್ತ ಟೀಚರೊಬ್ಬರು ಬಾಯಿ ಬಿಗಿದುಕೊಂಡು ಗೋಡೆಯ ಕಡೆ ತಿರುಗಿಬಿಟ್ಟರು. ಕಥೆ ನಡೆಯಲಿಲ್ಲ, ಬಿಸಿ ಆರಿದ್ದೂ ನಡೆಯಲಿಲ್ಲ. ತುತ್ತಮ್ಮ ‘ಅರ್ಧ’ ಎಂದು ಬರೆದು ಗಾಡಿ ಮುಂದೆ ತಳ್ಳಿದಳು. ಟೀಚರಿಗೆ ಸಕ್ಕರೆ ಕಾಯಿಲೆ. ಅರ್ಧ ಊಟವಾಗಿದೆ ಎಂದು ನಂಬಿ ಸಿಸ್ಟರ್ ಇನ್ಸುಲಿನ್ ಚುಚ್ಚಿದರು. ಒಂದು ಗಂಟೆಯೊಳಗೆ ಟೀಚರ್ ಬೆವೆತು, ಮಾತು ತೊದಲಿ, ಕಣ್ಣು ಮೇಲೆ ಮಾಡಿದರು. ಗ್ಲೂಕೋಸ್ ಹಾಕಿ ಉಳಿಸಿಕೊಂಡರು. ಯಾರೂ ಏನೂ ಕೇಳಲಿಲ್ಲ. ಮನೆಗೆ ಹೊರಟ ದಿನ ಟೀಚರೇ ತುತ್ತಮ್ಮನ ಕೈ ಹಿಡಿದು ‘ನೀವು ಎಷ್ಟು ಚೆನ್ನಾಗಿ ನೋಡ್ಕೊಂಡ್ರಿ’ ಎಂದರು. ಅವತ್ತಿನಿಂದ ಕಾಗದದ ಮೇಲೆ ಅವಳ ಪೆನ್ನು ಸುಳ್ಳು ಬರೆದಿಲ್ಲ. ನಾಲಿಗೆಯ ಬಗ್ಗೆ ಆಣೆ ಇಟ್ಟುಕೊಂಡಿರಲಿಲ್ಲ, ಅಷ್ಟೇ.

ಇಂಥವಳ ಮನೆಗೆ ಒಂದು ಹಲ್ಲಿ ಬಂತು.

ತಂದವಳು ಮಗಳು. ತುತ್ತಮ್ಮನಿಗೆ ಒಬ್ಬಳೇ ಮಗಳು, ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಇದ್ದದ್ದು ಇಬ್ಬರೇ. ಮಗಳು ವಿದ್ಯುತ್ ಕೆಲಸ ಕಲಿತು, ಸಮುದ್ರದ ತಳ ಅಳೆಯುವ ಹಡಗೊಂದರಲ್ಲಿ ನಾಲ್ಕು ತಿಂಗಳ ಕೆಲಸಕ್ಕೆ ಹೊರಟಳು. ಮೂರು ವರ್ಷದಿಂದ ತನ್ನ ಕೋಣೆಯಲ್ಲಿ ಸಾಕಿಕೊಂಡಿದ್ದ ಗೆಕ್ಕೊವನ್ನು, ಗಾಜಿನ ಪೆಟ್ಟಿಗೆಯ ಸಮೇತ, ನಡುಮನೆಗೆ ತಂದಿಟ್ಟಳು. ಗೇಣುದ್ದದ ಹಳದಿ ಮೈ, ತುಂಬ ಕಪ್ಪು ಚುಕ್ಕೆ, ಹೆಬ್ಬೆರಳಿನಷ್ಟು ದಪ್ಪ ಬಾಲ. ಗೋಡೆ ಹಲ್ಲಿಗೆ ಇಲ್ಲದ ರೆಪ್ಪೆ ಇದಕ್ಕೆ ಇತ್ತು. ಹುಳ ಇಟ್ಟರೆ ತಲೆ ವಾರೆ ಮಾಡಿ ನೋಡಿ, ಮನಸ್ಸಿದ್ದರೆ ಮಾತ್ರ ಬರುವ ಠೀವಿಗೆ ಮಗಳು ಇಟ್ಟ ಹೆಸರು ದೊರೆಸಾನಿ.

“ದಿನ ಬಿಟ್ಟು ದಿನ, ಸಂಜೆ ಹೊತ್ತು, ಐದು ಜೀರುಂಡೆ. ಕ್ಯಾಲ್ಸಿಯಂ ಪುಡೀಲಿ ಹೊರಳಿಸಿ ಬಿಡು. ಕೊಬ್ಬೆಲ್ಲ ಬಾಲದಲ್ಲೇ ಇಟ್ಕೊಳ್ತಾಳೆ, ಬಾಲ ಮಾತ್ರ ಹಿಡೀಬೇಡ,” ಎಂದಳು ಮಗಳು. “ತಿನ್ನೋದ್ರಲ್ಲಿ ಏನಾದ್ರೂ ವ್ಯತ್ಯಾಸ ಆದ್ರೆ ನಂಗೆ ಹೇಳಮ್ಮ. ಬೇರೇನೂ ನೋಡೋದು ಬೇಡ, ಅದೊಂದು ಹೇಳಿದ್ರೆ ಸಾಕು.”

“ಅಲ್ವೇ, ಮನುಷ್ಯರಿಗೇ ತಿನ್ನಿಸಿದೀನಿ. ನಿನ್ನ ಹಲ್ಲಿ ಯಾವ ಲೆಕ್ಕ?”

“ಹಲ್ಲಿ ಅಲ್ಲ ಅಮ್ಮ, ಗೆಕ್ಕೊ.”

“ಗೆಕ್ಕೊನೋ ಪಕ್ಕೊನೋ. ನನ್ನ ಕೈಲಿದ್ದವರು ಉಪವಾಸ ಬಿದ್ದಿದ್ದು ನೀನು ನೋಡಿದೀಯಾ?”

ಮಗಳು ನಕ್ಕಳು. ಆ ನಗುವಿನಲ್ಲಿ ನಂಬಿಕೆ ಇತ್ತು.

ಒಂದೂವರೆ ತಿಂಗಳು ಎಲ್ಲ ಸಸೂತ್ರ. ದೊರೆಸಾನಿ ಐದಕ್ಕೆ ಐದೂ ತಿಂದು ಆರನೆಯದಕ್ಕೆ ನೋಡುತ್ತಿತ್ತು. ತುತ್ತಮ್ಮ ಆಸ್ಪತ್ರೆಯಿಂದ ಖಾಲಿ ಕಾಗದ ತಂದು ಪೆಟ್ಟಿಗೆಗೆ ಅಂಟಿಸಿ ‘ಪೂರ್ತಿ, ಪೂರ್ತಿ’ ಎಂದು ಬರೆಯುತ್ತ ಹೋದಳು. ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಹಡಗಿನಿಂದ ಫೋನು. ಒಬ್ಬೊಬ್ಬರಿಗೆ ಹತ್ತೇ ನಿಮಿಷ, ಅದರಲ್ಲಿ ಅರ್ಧ ಗೊರಗೊರ. ಆದರೂ ಪೂರ್ತಿ ಪೂರ್ತಿ ಎಂದು ಹೇಳುವುದು ಎಷ್ಟು ಹಿತವಾಗಿತ್ತು!

ಚಳಿ ಮುಗಿದು ಹೊತ್ತು ಉದ್ದವಾಗತೊಡಗಿತು. ಒಂದು ಶನಿವಾರ ಸಂಜೆ ಬಿಟ್ಟ ಜೀರುಂಡೆಗಳು ಬಿಟ್ಟ ಹಾಗೇ ಓಡಾಡಿಕೊಂಡಿದ್ದವು. ಒಂದು ದೊರೆಸಾನಿಯ ತಲೆಯ ಮೇಲೇ ಹತ್ತಿ ಇಳಿಯಿತು. ಅದು ಕಣ್ಣು ಮುಚ್ಚಿ ತೆರೆದು ಕಲ್ಲಿನ ಕೆಳಗೆ ಹೋಯಿತು. ಒಂದು ಹೊತ್ತಿಗೆ ಏನಂತೆ, ಎಂದುಕೊಂಡಳು ತುತ್ತಮ್ಮ. ಮರುದಿನ ಭಾನುವಾರ.

“ತಿಂತಿದ್ದಾಳಾ ಅಮ್ಮ?”

“ತಿಂತಾಳೆ ತಿಂತಾಳೆ.”

ಇದೇನು ದೊಡ್ಡ ಸುಳ್ಳಲ್ಲ. ಒಂದೂವರೆ ತಿಂಗಳು ತಿಂದದ್ದು ನಿಜವೇ ತಾನೆ? ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಈ ಸುಳ್ಳಿಗೆ ಇದ್ದಿರಬೇಕು, ಒಂಬತ್ತನೆಯ ದಿನದ ಭಾನುವಾರದವರೆಗೂ ನಡೆದುಬಂತು. ಅಷ್ಟರಲ್ಲಿ ಕಾಗದದ ಮೇಲೆ ನಾಲ್ಕು ‘ಇಲ್ಲ’ ಆಗಿದ್ದವು. ಬರೆಯುವಾಗ ಕೈ ಸುಳ್ಳು ಹೇಳಲಿಲ್ಲ. ಫೋನಿನಲ್ಲಿ ಬಾಯಿ ಹೇಳಿತು.

“ಪೂರ್ತಿ ತಿಂತಿದ್ದಾಳಾ? ನಿಜವಾಗ್ಲೂ? ಈ ಟೈಮಲ್ಲಿ ನಾನು ಸ್ವಲ್ಪ ಯೋಚನೆ ಮಾಡ್ತಿದ್ದೆ.”

“ಯೋಚನೆ ಯಾಕೆ ಕಣೇ, ಪೂರ್ತಿ.”

“ಹಾಗಾದ್ರೆ ಸರಿ. ಇನ್ನೇನೂ ಮಾಡೋದು ಬೇಡ.”

ಮಾಡುವುದು ಏನಿತ್ತು, ಯಾಕೆ ಬೇಡವಾಯಿತು? ಕೇಳಬೇಕೆಂದು ತುತ್ತಮ್ಮನ ನಾಲಿಗೆ ತುದಿಗೆ ಬಂತು. ಕೇಳಿದರೆ ಅದೆಲ್ಲ ಈಗ ಯಾಕೆ ಎಂದು ಮಗಳು ತಿರುಗಿ ಕೇಳುತ್ತಾಳೆ. ನೀರಿನ ನಡುವೆ ಇರುವ ಹುಡುಗಿಗೆ ಯಾಕೆ ಸುಮ್ಮನೆ ಆತಂಕ, ಅಲ್ಲಿಂದ ಏನು ಮಾಡಿಯಾಳು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅದರಲ್ಲಿ ಅರ್ಧ ನಿಜವಿತ್ತು. ಉಳಿದರ್ಧ ಶುದ್ಧ ಜಂಬ. ಮೂವತ್ತೊಂದು ವರ್ಷದಲ್ಲಿ ಯಾರ ಮುಂದೆಯೂ ಸೋಲದವಳು ಬೆರಳಗಲದ ಬಾಯಿಗೆ ಸೋತೆ ಎಂದು ಹೇಗೆ ಹೇಳುವುದು?

ಸೋಲು ಒಪ್ಪಲೂ ಇಲ್ಲ, ಪ್ರಯತ್ನ ಬಿಡಲೂ ಇಲ್ಲ. ಜೀರುಂಡೆ ಬೇಡವಾದರೆ ಹಿಟ್ಟಿನ ಹುಳು ತಂದಳು. ಹುಳುವನ್ನು ಚಿಮುಟದಲ್ಲಿ ಹಿಡಿದು ಅಲ್ಲಾಡಿಸಿದಳು. ಪೆಟ್ಟಿಗೆಯ ಮುಂದೆ ಸ್ಟೂಲು ಎಳೆದುಕೊಂಡು ಕೂತು, ಅಭ್ಯಾಸಬಲದಿಂದ, “ಇವತ್ತು ಮೂರನೇ ವಾರ್ಡಲ್ಲಿ ಏನಾಯ್ತು ಗೊತ್ತಾ?” ಎಂದೂ ಶುರು ಮಾಡಿದಳು. ದೊರೆಸಾನಿ ಕಥೆಗೆ ಕಿವಿ ಕೊಡಲಿಲ್ಲ. ತಪ್ಪಿಸಿಕೊಂಡ ಎರಡು ಜೀರುಂಡೆಗಳು ಬೀರುವಿನ ಹಿಂದೆ ಸೇರಿಕೊಂಡು ಚಿರ್ ಚಿರ್ ಎಂದು ಅವಳನ್ನೇ ಅಣಕಿಸುತ್ತಿದ್ದವು.

ಹದಿಮೂರನೆಯ ದಿನ ಹುಳ ಮಾರುವ ಅಂಗಡಿಯವನನ್ನು ಕೇಳಿದಳು. ಮೀನು, ಹಕ್ಕಿ, ಹಾವಿನ ಪೊರೆ ಎಲ್ಲದರ ನಡುವೆ ಕೂತಿರುವ ಮನುಷ್ಯ, ಬಲ್ಲವನು.

“ಎಷ್ಟು ದಿನದಿಂದ ಬಿಟ್ಟಿದೆ?”

“ಒಂದು ಮೂರ್ನಾಲ್ಕು ದಿನ.”

ಯಾಕೆ ಹಾಗೆಂದಳೋ ಅವಳಿಗೇ ತಿಳಿಯದು. ಹದಿಮೂರು ಎನ್ನಲು ಬಾಯಿ ತೆರೆದವಳ ಬಾಯಲ್ಲಿ ಅದು ಬಂತು.

“ಮೂರ್ನಾಲ್ಕು ದಿನ ಏನೂ ಅಲ್ಲ ಬಿಡಿ ಅಮ್ಮ,” ಎಂದು ಅವನು ಬೇರೆ ಗಿರಾಕಿಯ ಕಡೆ ತಿರುಗಿದ. ತಾನೇ ಅಳೆದುಕೊಟ್ಟ ಸುಳ್ಳಿಗೆ ತಕ್ಕ ಉತ್ತರ ತೆಗೆದುಕೊಂಡು ತುತ್ತಮ್ಮ ಮನೆಗೆ ಬಂದಳು.

ಹದಿನಾರನೆಯ ದಿನದ ಭಾನುವಾರ ಮತ್ತೆ ‘ಪೂರ್ತಿ’. ಹದಿನೇಳನೆಯ ದಿನ ಅವಳಿಗೆ ತಡೆಯಲಾಗಲಿಲ್ಲ.

ಅವತ್ತು ವಾರ್ಡಿನಲ್ಲಿ ನಾಲ್ಕನೇ ಹಾಸಿಗೆಯ ಅಜ್ಜಿ, ಐದು ದಿನ ಹಟ ಹಿಡಿದವಳು, ತುತ್ತಮ್ಮನ ಕೈಯಿಂದ ಒಂದು ಬಟ್ಟಲು ಗಂಜಿ ಕುಡಿದಿದ್ದಳು. ಗಲ್ಲ ಮೆಲ್ಲಗೆ ಒತ್ತಿ, ಚಮಚದ ತುದಿಯನ್ನು ತುಟಿಯ ಮೂಲೆಗಿಟ್ಟರೆ ಬಾಯಿ ತಾನಾಗಿ ತೆರೆಯುತ್ತದೆ. ಆ ಗೆಲುವು ಇನ್ನೂ ಬೆರಳಲ್ಲಿತ್ತು. ಸಂಜೆ ಬೆಳಕಿರುವಾಗಲೇ ಪೆಟ್ಟಿಗೆಯ ಮುಚ್ಚಳ ತೆಗೆದು ದೊರೆಸಾನಿಯನ್ನು ಅಂಗೈಗೆ ತೆಗೆದುಕೊಂಡಳು. ತಣ್ಣನೆಯ ಮೃದು ಮೈ, ಒಳಗೆ ಡವಗುಟ್ಟುವ ಪುಟ್ಟ ಎದೆ. ಎಡಗೈಯಲ್ಲಿ ಮೈ ಹಿಡಿದು, ಬಲಗೈಯಲ್ಲಿ ಔಷಧಿ ಚಮಚದ ಹಿಡಿಯನ್ನು ಬಾಯಿಯ ಮೂಲೆಗಿಟ್ಟಳು.

“ಒಂದೇ ಒಂದು, ನನ್ನವ್ವ. ಒಂದೇ.”

ಬಾಯಿ ತೆರೆಯಲಿಲ್ಲ. ಚೂರು ಒತ್ತಿದಳು. ದೊರೆಸಾನಿ ಕೀಚ್ ಎಂದಿತು. ಮೂರು ವರ್ಷದಲ್ಲಿ ಅದಕ್ಕೊಂದು ದನಿ ಇದೆಯೆಂದೇ ಗೊತ್ತಿರಲಿಲ್ಲ. ಮೈ ತಿರುಚಿ ಜಾರಿತು. ನೆಲಕ್ಕೆ ಬೀಳುತ್ತದೆಂದು ತುತ್ತಮ್ಮ ಗಬಕ್ಕನೆ ಹಿಡಿದಳು. ಸಿಕ್ಕಿದ್ದು ಬಾಲ.

ಬಾಲ ಕೈಯಲ್ಲಿ ಉಳಿಯಿತು, ದೊರೆಸಾನಿ ಉಳಿಯಲಿಲ್ಲ. ಅದು ಮೇಜಿನ ಮೇಲೆ ಬಿದ್ದು ಮೂಲೆಗೆ ಓಡಿತು. ಕೈಯಲ್ಲಿದ್ದ ಬಾಲ ಜೀವ ಇರುವಂತೆ ಅತ್ತಿಂದಿತ್ತ ಹೊಡೆದುಕೊಂಡಿತು. ತುತ್ತಮ್ಮ ಅದನ್ನು ಕೆಳಗೆ ಹಾಕಿ ಗೋಡೆಗೆ ಒರಗಿ ನಿಂತಳು. ನೆಲದ ಮೇಲೆ ಅದು ಇನ್ನೂ ಒದ್ದಾಡುತ್ತಲೇ ಇತ್ತು.

ಕೊಬ್ಬೆಲ್ಲ ಬಾಲದಲ್ಲೇ. ಹದಿನೇಳು ದಿನದಿಂದ ತಿನ್ನದ ಜೀವಕ್ಕೆ ಇದ್ದದ್ದು ಅದೊಂದೇ ಗಂಟು, ಅದನ್ನೂ ತಾನೇ ಕಿತ್ತುಕೊಂಡಳು. ದೊರೆಸಾನಿಯನ್ನು ಬಟ್ಟೆಯಲ್ಲಿ ಹಿಡಿದು ಪೆಟ್ಟಿಗೆಗೆ ಬಿಟ್ಟು, ಕೆಳಗೆ ಮರಳಿನ ಬದಲು ಶುಭ್ರ ಕಾಗದ ಹಾಸಿದಳು. ಗಾಯ ಹೇಗೆ ನೋಡಿಕೊಳ್ಳಬೇಕೆಂಬುದು ಆಸ್ಪತ್ರೆಯವಳಿಗೆ ತಿಳಿದಿತ್ತು. ಬಾಲವನ್ನು ಎಸೆಯಲು ಮನಸ್ಸು ಬರಲಿಲ್ಲ. ಮನೆಯವರನ್ನು ಕೇಳದೆ ರೋಗಿಯದು ಏನನ್ನೂ ಎಸೆಯಬಾರದು ಎಂಬುದು ವಾರ್ಡಿನ ನಿಯಮ. ಡಬ್ಬಿಯೊಂದಕ್ಕೆ ಹಾಕಿ ಫ್ರಿಜ್ಜಿನ ಮೇಲಿನ ಅರೆಯಲ್ಲಿಟ್ಟಳು. ಅವತ್ತು ತಾನೂ ಊಟ ಮಾಡಲಿಲ್ಲ. ಅವತ್ತಿನಿಂದ ಅವಳ ಮನಸ್ಸಿನಲ್ಲಿ ಹಲ್ಲಿ ‘ಅದು’ ಹೋಗಿ ‘ಅವಳು’ ಆದಳು.

ಇಪ್ಪತ್ತಮೂರನೆಯ ದಿನದ ಭಾನುವಾರ ಹೇಳಿಬಿಡುವುದೆಂದೇ ಫೋನು ಎತ್ತಿಕೊಂಡಳು.

“ಹೇಗಿದ್ದಾಳಮ್ಮ ನನ್ನ ದೊರೆಸಾನಿ?”

ಮಗಳ ದನಿ ಸಣ್ಣಗಾಗಿತ್ತು, ದೂರದಿಂದ ಬರುತ್ತಿತ್ತು. ಅದಕ್ಕೆ ಇನ್ನೊಂದು ಭಾರ ಹೊರಿಸಲು ಬಾಯಿ ಬರಲಿಲ್ಲ. “ಹಾಗೇ ಇದ್ದಾಳೆ,” ಎಂದಳು. ಹೇಗೋ ಹಾಗೇ. ಫೋನು ಇಟ್ಟ ಮೇಲೆ ತನ್ನ ಕೆನ್ನೆಗೆ ತಾನೇ ಒಂದು ಕೊಟ್ಟುಕೊಂಡಳು. ಏಟು ಜೋರಾಗಿಯೇ ಬಿತ್ತು.

ವಾರ್ಡಿನಲ್ಲಿ ಕೈ ಕೆಲಸ ಮಾಡುತ್ತಿತ್ತು, ಮನಸ್ಸು ಮುಳ್ಳಿನ ಮೇಲೆ ಕೂತಿತ್ತು. ಸಪ್ಪೆ ಊಟದ ತಟ್ಟೆಯನ್ನು ಉಪ್ಪಿನ ಊಟದವರಿಗೆ ಕೊಟ್ಟಳು. ಹಿರಿಯ ಸಿಸ್ಟರ್ ಕಾಗದ ನೋಡಿ, “ಏನು ತುತ್ತಮ್ಮ, ಈ ವಾರ ಎಂಟು ‘ಇಲ್ಲ’? ಹುಷಾರಿದ್ದೀರಾ?” ಎಂದರು. “ಬೇಡ ಅಂದ್ರು ಸಿಸ್ಟರ್. ಬಿಟ್ಟೆ,” ಎಂದಳು. ಯಾರ ಗಲ್ಲವನ್ನೂ ಒತ್ತಲು ಅವಳ ಬೆರಳು ಈಗ ಮುಂದೆ ಹೋಗುತ್ತಿರಲಿಲ್ಲ.

ಇಪ್ಪತ್ತಾರನೆಯ ದಿನ ದೊರೆಸಾನಿ ಗಾಜನ್ನು ಕೆರೆಯಲು ಶುರು ಮಾಡಿದಳು. ಹಗಲು ಮಲಗಬೇಕಾದವಳು ಮೂಲೆಯಿಂದ ಮೂಲೆಗೆ ಓಡಾಡಿ, ಹಾಸಿದ ಕಾಗದವನ್ನು ಮುಂಗಾಲಿನಿಂದ ಬಗೆದು, ಗಾಜಿಗೆ ಮೂಗು ಒತ್ತಿ, ಮತ್ತೆ ಬಗೆಯುತ್ತಿದ್ದಳು. ಪರ ಪರ, ಪರ ಪರ. ನನ್ನ ಕೈಯಿಂದ ತಪ್ಪಿಸಿಕೊಳ್ಳಲು ನೋಡುತ್ತಿದ್ದಾಳೆ ಎಂದುಕೊಂಡಳು ತುತ್ತಮ್ಮ. ತಪ್ಪೇನೂ ಅಲ್ಲ, ತಾನಾಗಿದ್ದರೂ ಅದನ್ನೇ ಮಾಡುತ್ತಿದ್ದಳು. ಆಶ್ಚರ್ಯವೆಂದರೆ ಮೈ ಸೊರಗಿರಲಿಲ್ಲ. ಹೊಟ್ಟೆ ದಪ್ಪಗೇ ಆಗುತ್ತಿತ್ತು. ಇಪ್ಪತ್ತೊಂಬತ್ತನೆಯ ದಿನ ಗಾಜಿಗೆ ಒರಗಿ ನಿಂತಾಗ ತುತ್ತಮ್ಮ ಬಗ್ಗಿ ಕೆಳಗಿನಿಂದ ನೋಡಿದಳು. ತೆಳು ಚರ್ಮದ ಒಳಗೆ ಎರಡು ಬಿಳಿ ಗಡ್ಡೆ, ಆ ಕಡೆ ಒಂದು, ಈ ಕಡೆ ಒಂದು. ವಾರ್ಡಿನಲ್ಲಿ ಹೊಟ್ಟೆ ಮಾತ್ರ ದಪ್ಪಗಾಗಿ ಊಟ ಬಿಟ್ಟವರ ಕಥೆ ಹೇಗೆ ಮುಗಿಯುತ್ತದೆಂದು ಅವಳು ನೋಡಿದ್ದಳು.

ಭಾನುವಾರ ಮೂರೂವರೆಗೇ ಫೋನಿನ ಮುಂದೆ ಕೂತಳು. ನಾಲ್ಕಾಯಿತು. ನಾಲ್ಕೂ ಹತ್ತಾಯಿತು. ಪೆಟ್ಟಿಗೆಯಲ್ಲಿ ಪರ ಪರ ನಿಂತುಹೋಯಿತು. ದೊರೆಸಾನಿ ಬಗೆದು ಬಗೆದು ಸುಸ್ತಾಗಿ ಬಾಯಿ ತೆರೆದು ಮಲಗಿದ್ದಳು. ನಾಲ್ಕೂ ಇಪ್ಪತ್ತಕ್ಕೆ ಫೋನು ಬಡಿದುಕೊಂಡಿತು.

“ಅಮ್ಮ, ಲೈನ್ ಸರಿ ಇಲ್ಲ. ಬೇಗ ಹೇಳು. ತಿಂತಿದ್ದಾಳಾ?”

“ಇಲ್ಲ.”

“ಏನು? ಕೇಳಿಸ್ಲಿಲ್ಲ.”

“ತಿಂದಿಲ್ಲ ಮಗಳೇ. ಮೂವತ್ತು ದಿನ ಆಯ್ತು. ಒಂದು ಹುಳಾನೂ ತಿಂದಿಲ್ಲ. ನಾನು ನಿಂಗೆ ಸುಳ್ಳು ಹೇಳ್ದೆ. ಪ್ರತಿ ಸಲಾನೂ ಸುಳ್ಳು ಹೇಳ್ದೆ. ಹದಿನೇಳನೇ ದಿನ ಬಲವಂತ ಮಾಡೋಕೆ ಹೋದೆ, ಬಾಲ ಕಿತ್ತು ಬಂತು. ಈಗ ಹೊಟ್ಟೇಲಿ ಎರಡು ಗಡ್ಡೆ ಎದ್ದಿದೆ. ಸಾಯ್ತಾಳೆ ಅನ್ಸುತ್ತೆ. ಬೈಯೋದು ಆಮೇಲೆ ಬೈಯಿ, ಈಗೇನು ಮಾಡ್ಲಿ ಹೇಳು.”

ಫೋನಿನಲ್ಲಿ ಗೊರಗೊರ ಮಾತ್ರ ಕೇಳಿತು. ಲೈನು ಹೋಯಿತೆಂದು ತುತ್ತಮ್ಮ ಅಂದುಕೊಂಡಳು. ಹೋಗಿರಲಿಲ್ಲ.

“ಗಡ್ಡೆ ಬೆಳ್ಳಗಿದ್ಯಾ? ಎರಡೂ ಒಂದೇ ಅಳತೆ?”

“ಹೂಂ.”

“ನೆಲ ಕೆರೀತಾಳಾ?”

“ನಾಲ್ಕು ದಿನದಿಂದ.”

“ಅಮ್ಮ, ಅದು ಗಡ್ಡೆ ಅಲ್ಲ. ಮೊಟ್ಟೆ.” ಮಗಳ ದನಿ ಒಮ್ಮೆ ಏರಿತು, ಅವಳೇ ತಡೆದುಕೊಂಡಳು. “ಗಂಡಿಲ್ಲದಿದ್ರೂ ಇಡ್ತಾರೆ. ಈ ಕಾಲದಲ್ಲಿ ಹೆಣ್ಣುಗಳು ಊಟ ಬಿಡ್ತಾರೆ, ವಾರಗಟ್ಟಲೆ ಬಿಡ್ತಾರೆ. ಅದಕ್ಕೇ ನಾನು ಪ್ರತಿ ಸಲ ಕೇಳ್ತಿದ್ದದ್ದು. ಊಟ ಬಿಟ್ಟಳು ಅಂದ್ರೆ ಮೊಟ್ಟೆ ಡಬ್ಬಿ ಇಡ್ಬೇಕಿತ್ತು. ತಿಂತಿದ್ದಾಳೆ ಅಂದೆ, ಈ ವರ್ಷ ಮೊಟ್ಟೆ ಇಲ್ಲ ಅಂದ್ಕೊಂಡೆ. ಅವಳು ಕೆರೀತಿರೋದು ಜಾಗ ಹುಡುಕಿ ಅಮ್ಮ. ಒದ್ದೆ ಜಾಗ ಸಿಗದಿದ್ರೆ ಮೊಟ್ಟೆ ಒಳಗೇ ಸಿಕ್ಕಿಹಾಕಿಕೊಳ್ಳುತ್ತೆ. ಹಾಗಾದ್ರೆ ಉಳಿಯಲ್ಲ.”

ತುತ್ತಮ್ಮನಿಗೆ ಹದಿನೇಳು ವರ್ಷದ ಹಿಂದೆ ಬೆವರಿ ತೊದಲಿದ ಟೀಚರ ಮುಖ ಕಣ್ಣ ಮುಂದೆ ಬಂತು. ಅವತ್ತು ‘ಅರ್ಧ’ ಎಂದು ಬರೆದದ್ದು ಕಾಗದದ ಮೇಲೆ, ಇವತ್ತು ‘ಪೂರ್ತಿ’ ಎಂದದ್ದು ಬಾಯಲ್ಲಿ, ಇಷ್ಟೇ ವ್ಯತ್ಯಾಸ. ಎರಡನ್ನೂ ಒಬ್ಬೊಬ್ಬರು ನಂಬಿದ್ದರು.

ಉಳಿದ ಆರು ನಿಮಿಷದಲ್ಲಿ ಮಗಳು ಹೇಳಿದಳು, ತಾಯಿ ಬರೆದುಕೊಂಡಳು. ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿ. ಬದಿಯಲ್ಲಿ ಅವಳು ನುಗ್ಗುವಷ್ಟು ತೂತು, ಅಂಚು ಚುಚ್ಚದ ಹಾಗೆ ಉಜ್ಜಿರಬೇಕು. ಒಳಗೆ ನಾಲ್ಕು ಬೆರಳು ಎತ್ತರ ತೆಂಗಿನ ನಾರಿನ ಪುಡಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಒದ್ದೆ. ಬೆಚ್ಚಗಿನ ಕಡೆ ಇಡು. ಮುಟ್ಟಬೇಡ. ಪದೇ ಪದೇ ಇಣುಕಬೇಡ. ಹುಳ ತೋರಿಸಬೇಡ. ಮಂಗಳವಾರ ಸಂಜೆಯೊಳಗೆ ಇಡದಿದ್ದರೆ ಪ್ರಾಣಿ ಡಾಕ್ಟರ ಹತ್ತಿರ ಓಡು.

“ಬಾಲ ಬೇರೆ ಇಲ್ಲ. ತಡ್ಕೊಳ್ತಾಳೋ ಇಲ್ವೋ,” ಎಂದಳು ಮಗಳು ಕೊನೆಗೆ.

“ಬಾಲ ಫ್ರಿಜ್ಜಲ್ಲಿದೆ,” ಎಂದಳು ತುತ್ತಮ್ಮ. ಯಾಕೆ ಹೇಳಿದಳೋ. ಆ ಕಡೆಯಿಂದ ಬಂದ ಸದ್ದು ಅಳುವೋ ನಗುವೋ ತಿಳಿಯುವ ಮೊದಲೇ ಲೈನು ಕಡಿಯಿತು.

ಅಂಗಡಿ ಮುಚ್ಚುವ ಮೊದಲು ಓಡಿಹೋಗಿ ನಾರಿನ ಪುಡಿ ತಂದಳು. ಅಂಗಡಿಯವನು ಏನು ಎತ್ತ ಎಂದಾಗ, “ಮೂವತ್ತು ದಿನದಿಂದ ತಿಂದಿಲ್ಲಪ್ಪ, ಅವತ್ತು ನಾನು ಸುಳ್ಳು ಹೇಳಿದ್ದೆ,” ಎಂದಳು. ಅವನು ಮುಖ ನೋಡಿ, ಪುಡಿಯ ಜೊತೆಗೆ ಪ್ರಾಣಿ ಡಾಕ್ಟರ ನಂಬರು ಬರೆದುಕೊಟ್ಟ. ಡಬ್ಬಿಗೆ ತೂತು ಕೊರೆದು, ಅಂಚನ್ನು ಉಜ್ಜಿ ಉಜ್ಜಿ, ತನ್ನ ತುಟಿಗೇ ಒತ್ತಿ ನೋಡಿ, ಚುಚ್ಚುವುದಿಲ್ಲವೆಂದು ಖಾತ್ರಿಯಾದ ಮೇಲೆ ಪೆಟ್ಟಿಗೆಯಲ್ಲಿಟ್ಟಳು. ದೊರೆಸಾನಿ ತಲೆ ಎತ್ತಲಿಲ್ಲ.

ಸೋಮವಾರ ಬೆಳಿಗ್ಗೆ ಡಬ್ಬಿಯ ಬಾಯಲ್ಲಿ ನಾಲ್ಕು ಚೂರು ಪುಡಿ ಹೊರಗೆ ಬಿದ್ದಿತ್ತು. ಒಳಗೆ ಹೋಗಿದ್ದಾಳೆ ಎಂದಾಯಿತು. ಕೆಲಸದಿಂದ ಬಂದು ನೋಡಿದರೆ ಮತ್ತೆ ಹೊರಗೆ ಮಲಗಿದ್ದಳು, ಹೊಟ್ಟೆ ಹಾಗೇ ಇತ್ತು. ಮಂಗಳವಾರ ತುತ್ತಮ್ಮ ರಜೆ ಹಾಕಿದಳು. ಮೂವತ್ತೊಂದು ವರ್ಷದಲ್ಲಿ ಅವಳು ಹಾಕಿದ ರಜೆಗಳನ್ನು ಎರಡು ಕೈಯ ಬೆರಳಲ್ಲಿ ಎಣಿಸಬಹುದು. ಕಾರಣ ಕೇಳಿದ್ದಕ್ಕೆ ‘ಹೆರಿಗೆ’ ಎಂದಳು.

ಹನ್ನೊಂದು ಗಂಟೆಗೆ ದೊರೆಸಾನಿ ಡಬ್ಬಿಯೊಳಗೆ ಹೋದಳು. ಹನ್ನೆರಡಾಯಿತು. ಒಂದಾಯಿತು. ಒಳಗಿನಿಂದ ಪುಡಿ ಸರಿಯುವ ಸದ್ದು ಆಗಾಗ ಬರುತ್ತಿತ್ತು, ಆಮೇಲೆ ಅದೂ ನಿಂತಿತು. ತುತ್ತಮ್ಮ ಸ್ಟೂಲಿನ ಮೇಲೆ ಕೂತವಳು ಎದ್ದು, ಮುಚ್ಚಳದ ಮೇಲೆ ಕೈ ಇಟ್ಟಳು. ಒಂದು ಸಲ ನೋಡಿದರೆ ಏನಾದೀತು? ಇಣುಕಬೇಡ ಎಂದಿದ್ದಾಳೆ. ಸತ್ತಿದ್ದರೆ? ಇಣುಕಿದ್ದಕ್ಕೇ ಸತ್ತರೆ? ಕೈಯನ್ನು ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತಳು. ಮಗುವಿನಂತೆ ಕಂಡರೆ ಕಾಣಲಿ. ಅವಳ ಆಯುಷ್ಯದಲ್ಲೇ ಅತಿ ಕಷ್ಟದ ಕೆಲಸ ಅದು, ಏನೂ ಮಾಡದೆ ಕೂರುವುದು.

ಮೂರಕ್ಕೆ ಡಾಕ್ಟರಿಗೆ ಫೋನು ಮಾಡಿದಳು. “ಮೂವತ್ತೆರಡು ದಿನದಿಂದ ಊಟ ಇಲ್ಲ. ಬಾಲ ಇಲ್ಲ, ನನ್ನ ತಪ್ಪಿಂದ ಹೋಯ್ತು. ಮೊಟ್ಟೆ ಇಟ್ಟಿಲ್ಲ,” ಎಂದು ಒಂದೇ ಉಸಿರಿಗೆ ಹೇಳಿದಳು. ಐದಕ್ಕೆ ಕರೆದುಕೊಂಡು ಬನ್ನಿ ಎಂದರು. ನಾಲ್ಕೂ ಕಾಲಿಗೆ, ಹೊರಡಲು ಚಪ್ಪಲಿ ಮೆಟ್ಟಿ ತಿರುಗಿದಾಗ, ದೊರೆಸಾನಿ ಡಬ್ಬಿಯ ತೂತಿನಿಂದ ತಲೆ ಹೊರಗೆ ಹಾಕಿದ್ದಳು. ನಿಧಾನವಾಗಿ ಮೈ ಎಳೆದುಕೊಂಡು ಹೊರಬಂದಳು. ಹೊಟ್ಟೆ ಒಳಗೆ ಅಂಟಿಕೊಂಡು, ಪಕ್ಕೆಯ ಚರ್ಮ ಜೋತುಬಿದ್ದಿತ್ತು. ನೀರಿನ ಬಟ್ಟಲಿಗೆ ಹೋಗಿ ನಾಲಿಗೆ ಚಾಚಿ ಕುಡಿದಳು, ಕುಡಿಯುತ್ತಲೇ ಇದ್ದಳು. ಒದ್ದೆ ಪುಡಿಯ ಕೆಳಗೆ ಎರಡು ಉದ್ದನೆಯ ಬಿಳಿ ಮೊಟ್ಟೆ ಒಂದಕ್ಕೊಂದು ತಾಗಿಕೊಂಡಿದ್ದವು. ತುತ್ತಮ್ಮ ಚಪ್ಪಲಿ ಮೆಟ್ಟಿದ ಕಾಲಲ್ಲೇ ನಡುಮನೆಯಲ್ಲಿ ಕೂತು ಗೊಳೋ ಎಂದು ಅತ್ತಳು.

ಆದರೂ ಡಾಕ್ಟರ ಹತ್ತಿರ ಹೋದಳು. ಅವರು ತಿರುಗಿಸಿ ನೋಡಿ, ಒಳಗೆ ಇನ್ನೇನೂ ಉಳಿದಿಲ್ಲ, ಬಾಲ ಮೊಂಡಾಗಿ ಮತ್ತೆ ಬರುತ್ತದೆ, ಮೊದಲಿನ ಅಂದ ಇರುವುದಿಲ್ಲ ಎಂದರು. ಸೊರಗಿದ್ದಾಳೆ, ಅಪಾಯ ಪೂರ್ತಿ ಕಳೆದಿಲ್ಲ. ತಟ್ಟೆಯಲ್ಲಿ ಹುಳ ಇಟ್ಟು ಆಚೆ ಹೋಗಿಬಿಡಿ, ಎದುರು ಕೂರಬೇಡಿ. ಹತ್ತು ದಿನ ನೋಡೋಣ. ತುತ್ತಮ್ಮ ತಟ್ಟೆ ಇಟ್ಟು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಬುಧವಾರ ಇಲ್ಲ. ಗುರುವಾರ ಇಲ್ಲ. ಶುಕ್ರವಾರ ಇಲ್ಲ.

ಭಾನುವಾರ ನಾಲ್ಕಕ್ಕೆ ಸರಿಯಾಗಿ ಫೋನು ಬಂತು. ಲೈನು ಚೆನ್ನಾಗಿತ್ತು. ಮಗಳ ಉಸಿರೂ ಕೇಳುತ್ತಿತ್ತು.

“ಇದ್ದಾಳಾ?” ಎಂದಳು. ತಿಂದಳಾ ಎಂದು ಕೇಳಲಿಲ್ಲ.

“ಇದ್ದಾಳೆ. ಮಂಗಳವಾರ ಎರಡು ಮೊಟ್ಟೆ ಇಟ್ಟಳು. ನಿನ್ನೆ ಎರಡು ಹಿಟ್ಟಿನ ಹುಳು ತಿಂದಳು.”

“ನಿಜ ಹೇಳ್ತಿದ್ದೀಯಾ?”

ಆ ಮಾತು ನೆಟ್ಟಗೆ ಬಂದು ನಾಟಿತು. ಇಷ್ಟು ವರ್ಷದಲ್ಲಿ ಮಗಳು ತಾಯಿಯನ್ನು ಹಾಗೆ ಕೇಳಿದ್ದಿಲ್ಲ. ಕೋಪವೂ ಇರಲಿಲ್ಲ ಆ ದನಿಯಲ್ಲಿ, ಬರೀ ತಿಳಿದುಕೊಳ್ಳಬೇಕಿತ್ತು ಅವಳಿಗೆ. ಇದನ್ನು ಇನ್ನೆಷ್ಟು ಭಾನುವಾರ ಕೇಳಿಸಿಕೊಳ್ಳಬೇಕೋ ಎಂದುಕೊಂಡಳು ತುತ್ತಮ್ಮ. ಕೇಳಿಸಿಕೊಳ್ಳಬೇಕು.

“ನಿಜ. ಐದು ಇಟ್ಟಿದ್ದೆ, ಎರಡೇ ತಿಂದಳು. ನಾನು ತಿನ್ನೋದು ನೋಡ್ಲಿಲ್ಲ, ತಟ್ಟೇಲಿ ಮೂರು ಉಳಿದಿತ್ತು. ಬಾಲದ ಜಾಗ ಒಣಗಿದೆ. ಸೊರಗಿದ್ದಾಳೆ. ಡಾಕ್ಟ್ರು ಅಪಾಯ ಕಳೆದಿಲ್ಲ ಅಂದಿದ್ದಾರೆ. ಇಷ್ಟೇ ನಿಜ.”

ಏನಾದರೂ ಹೇಳಬೇಕಲ್ಲ ಎಂದು ತುತ್ತಮ್ಮ, ಎಲ್ಲ ತಾಯಂದಿರೂ ಎಲ್ಲ ಫೋನುಗಳಲ್ಲೂ ಕೇಳುವುದನ್ನೇ ಕೇಳಿದಳು.

“ನೀನು ಊಟ ಮಾಡಿದ್ಯಾ?”

“ಹೂಂ, ಆಯ್ತು,” ಎಂದಳು ಮಗಳು. ಆಮೇಲೆ, “ಇಲ್ಲಮ್ಮ,” ಎಂದಳು. “ಇಲ್ಲ. ಹಡಗು ಅಲ್ಲಾಡೋದಕ್ಕೆ ಹೊಟ್ಟೇಲಿ ಏನೂ ನಿಲ್ತಿಲ್ಲ. ತಿಂದಿದ್ದೆಲ್ಲ ವಾಂತಿ. ಈಗ ಊಟದ ಕೋಣೆಗೆ ಹೋಗೋಕೇ ಭಯ ಆಗುತ್ತೆ. ಬಟ್ಟೆ ಎಲ್ಲ ಸಡಿಲ ಆಗಿದೆ. ನಿಂಗೆ ಹೇಳಿದ್ರೆ ನೀನು...” ಅವಳು ಮುಗಿಸಲಿಲ್ಲ.

ನಾಲ್ಕು ತುತ್ತು ಮೆಲ್ಲಗೆ ಬಾಯಿಗಿಡು, ಬಿಸಿ ಗಂಜಿ ಕೇಳು, ಕಣ್ಣು ಮುಚ್ಚಿ ನುಂಗು, ನನ್ನಾಣೆ. ಮೂವತ್ತೊಂದು ವರ್ಷದ ವಿದ್ಯೆಯೆಲ್ಲ ತುತ್ತಮ್ಮನ ಗಂಟಲಿಗೆ ನುಗ್ಗಿ ಬಂತು. ಅವಳು ತುಟಿಯ ಮೇಲೆ ಕೈ ಇಟ್ಟು ಅದನ್ನೆಲ್ಲ ವಾಪಸು ನುಂಗಿದಳು. ಕೈ ತೆಗೆದಾಗ ಉಳಿದಿದ್ದದ್ದು ಒಂದೇ ಪ್ರಶ್ನೆ.

“ಎಷ್ಟು ದಿನದಿಂದ, ಪುಟ್ಟಿ?”

ಇನ್ನೂ ಏಳು ನಿಮಿಷವಿತ್ತು. ಮಗಳು ಹೇಳುತ್ತ ಹೋದಳು. ತಾಯಿ ನಡುವೆ ಬಾಯಿ ಹಾಕಲಿಲ್ಲ.